ಪೂರ್ತಿ ಒಂದು ನಿಮಿಷ

ನಮ್ಮಮ್ಮ ಯಾರ ಕೈಯನ್ನೂ ಸುಮ್ಮನೆ ಹಿಡಿದವಳಲ್ಲ. ಮಸ್ಕತ್, ರಿಯಾದ್, ಕುವೈತ್ ಎಂದು ದೇಶ ಸುತ್ತಿ ನರ್ಸ್ ಕೆಲಸ ಮಾಡಿದವಳು. ಎರಡು ವರ್ಷಕ್ಕೊಮ್ಮೆ ತುಮಕೂರಿಗೆ ಬಂದಾಗ, ಸೂಟ್‌ಕೇಸ್ ಇಳಿಸಿದ ಕೂಡಲೇ ನನ್ನ ಮಣಿಕಟ್ಟಿಗೆ ಎರಡು ಬೆರಳು ಒತ್ತಿ, ವಾಚು ನೋಡುತ್ತಾ ಅರ್ಧ ನಿಮಿಷ ನಾಡಿ ಎಣಿಸಿ ಬಿಟ್ಟುಬಿಡುತ್ತಿದ್ದಳು. ಅಷ್ಟೇ ಮುದ್ದು. ನನಗೆ ಮೈ ಉರಿಯುತ್ತಿತ್ತು. ನಾನೇನು ಅವಳ ವಾರ್ಡಿನ ಪೇಶೆಂಟೇ?

"ಸರಿಯಾಗಿ ಬಡ್ಕೊಳ್ತಿದ್ರೆ ಅರ್ಧ ನಿಮಿಷ ಸಾಕು ಕಣೇ. ತಪ್ಪಿ ತಪ್ಪಿ ಬಡ್ಕೊಂಡ್ರೆ ಮಾತ್ರ ಪೂರ್ತಿ ಒಂದ್ ನಿಮಿಷ ಹಿಡೀಬೇಕು," ಎನ್ನುತ್ತಿದ್ದಳು. ಅಪ್ಪನ ಕೈಯನ್ನು ಅವಳು ಪೂರ್ತಿ ನಿಮಿಷ ಹಿಡಿದು ಕೂತ ದಿನವೇ ನಮಗೆಲ್ಲ ವಿಷಯ ತಿಳಿದುಹೋಗಿತ್ತು.

ಕೆಲಸ ಬಿಟ್ಟು ಬಂದ ಮೇಲೆ ಇಡೀ ಬಳಗವೇ ಅವಳ ವಾರ್ಡಾಯಿತು. ಗುಬ್ಬಿಯ ಮಾವನ ಶುಗರ್, ಕುಣಿಗಲ್ಲಿನ ಚಿಕ್ಕಮ್ಮನ ಮಂಡಿನೋವು, ನನ್ನ ಮಕ್ಕಳ ಜ್ವರ. ಎಲ್ಲರ ಮಾತ್ರೆ ಡಬ್ಬಿಗೂ ಬಿಳಿ ಪ್ಲಾಸ್ಟರ್ ಅಂಟಿಸಿ, ಯಾವುದು ಯಾವಾಗ ಎಂದು ದಪ್ಪಕ್ಷರದಲ್ಲಿ ಬರೆದಿಡುತ್ತಿದ್ದಳು.

ಹೋದ ವರ್ಷ ಅವಳ ಕೈಚೀಲದಲ್ಲಿ ಒಂದು ಡಬ್ಬಿ ಕಂಡೆ. ಅದಕ್ಕೆ ಪ್ಲಾಸ್ಟರ್ ಇರಲಿಲ್ಲ. ಮಾತ್ರೆಯ ಹಾಳೆಗಳಲ್ಲೂ ಹೆಸರಿದ್ದ ಕಡೆ ಕತ್ತರಿ ಆಡಿತ್ತು. ಊರಿಗೆಲ್ಲ ಹೆಸರು ಬರೆದು ಕೊಡುವವಳು ತನ್ನದನ್ನೇ ಯಾಕೆ ಕತ್ತರಿಸಬೇಕು? ಅವತ್ತಿನಿಂದ ತಲೆಗೆ ಹುಳ ಬಿಟ್ಟುಕೊಂಡೆ.

ಪ್ರತಿ ಮಂಗಳವಾರ ಚಿಕ್ಕಮ್ಮನನ್ನು ನೋಡಲು ಕುಣಿಗಲ್ಲಿಗೆ ಹೋಗುತ್ತೇನೆಂದು ಹೊರಡುತ್ತಿದ್ದಳು. ಅಂಥದೊಂದು ಮಂಗಳವಾರ ಮಧ್ಯಾಹ್ನ ಚಿಕ್ಕಮ್ಮನದೇ ಫೋನ್ ಬಂತು. "ಎರಡ್ ತಿಂಗ್ಳಾಯ್ತಲ್ಲೇ, ಅಕ್ಕ ಈ ಕಡೆ ತಲೇನೇ ಹಾಕಿಲ್ಲ. ಹುಷಾರಾಗವ್ಳಾ?" ಏನೋ ಹೇಳಿ ಫೋನ್ ಇಟ್ಟೆ.

ಸಂಜೆ ಅಮ್ಮ ನುಗ್ಗೆಕಾಯಿ ಹಿಡಿದು ಬಂದಳು. "ನಿಮ್ ಚಿಕ್ಕಮ್ಮ ಕೊಟ್ಳು." ಕವರಿನ ಮೇಲೆ ನಮ್ಮ ತುಮಕೂರಿನದೇ ಶಿರಾ ಗೇಟಿನ ಅಂಗಡಿಯ ಹೆಸರಿತ್ತು.

"ಹೇಗಿದಾರೆ ಚಿಕ್ಕಮ್ಮ?"

"ಚೆನ್ನಾಗವ್ಳೆ. ಮಂಡಿ ಮಾತ್ರ ಹಂಗೇ ಐತೆ."

"ನೀನು ಡಾಕ್ಟರ್ ಹತ್ರ ಏನಾದ್ರೂ ಹೋಗಿದ್ಯಾ?"

"ನನಗೇನಾಗಿದೆ? ಗುಂಡುಕಲ್ಲಿನ ಹಂಗಿದೀನಿ," ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವಳ ಕೈ ತಾನಾಗಿ ಚೀಲದ ಮೇಲೆ ಹೋಯಿತು. ಜಗತ್ತು ಸುತ್ತಿದವಳಿಗೆ ನೆಟ್ಟಗೆ ಒಂದು ಸುಳ್ಳು ಹೇಳಲು ಬರುತ್ತಿರಲಿಲ್ಲ. ನನಗೆ ಸಿಟ್ಟೂ ಬಂತು, ಭಯವೂ ಆಯಿತು.

ಮಾರನೇ ದಿನ ಊಟವಾದ ಮೇಲೆ ಅವಳು ಕುರ್ಚಿಯಲ್ಲೇ ಕಣ್ಣು ಮುಚ್ಚಿದ್ದಳು. ನಿದ್ದೆ ಹತ್ತಿದೆ ಎಂದುಕೊಂಡು ಪಕ್ಕದಲ್ಲಿ ಕೂತು, ಅವಳೇ ಕಲಿಸಿದ ಹಾಗೆ ಮಣಿಕಟ್ಟಿಗೆ ಎರಡು ಬೆರಳಿಟ್ಟೆ. ಒಂದು, ಎರಡು ಬಡಿದು ನಾಡಿ ನಿಂತೇ ಹೋಯಿತು ಅನ್ನಿಸಿತು. ಆಮೇಲೆ ಒಟ್ಟಿಗೇ ಮೂರು ಬಡಿಯಿತು. ಮತ್ತೆ ನಿಂತಿತು. ನನ್ನ ಕಣ್ಣು ಮಂಜಾಗಿ ಗೋಡೆ ಗಡಿಯಾರದ ಮುಳ್ಳು ಕಾಣದಾಯಿತು. ಅರ್ಧ ನಿಮಿಷವಾಗಿರಬೇಕು, ಬೆರಳು ತೆಗೆಯಹೊರಟೆ.

ಅಮ್ಮ ಕಣ್ಣು ತೆರೆಯಲಿಲ್ಲ. "ಇನ್ನೂ ಅರ್ಧ ನಿಮಿಷ ಇದೆ ಕಣೇ," ಎಂದಳು. "ಬಿಡ್ಬೇಡ."