ಖಾಲಿ ಬಿಡಬಹುದಾಗಿದ್ದ ಜಾಗ

ನಾನು ಪದವಿ ಮುಗಿಸಿದ ವರ್ಷ ದೇವದುರ್ಗದಿಂದ ಒಂದು ಮನೆಯವರು ನನ್ನನ್ನು ನೋಡಲು ಮಾನ್ವಿಗೆ ಬಂದರು. ಎಲ್ಲ ಒಪ್ಪಿಗೆಯಾಗಿತ್ತು. ಹುಡುಗನ ಸೋದರತ್ತೆ ನನಗೆ ಹೂ ಮುಡಿಸಲು ಜಡೆ ಎತ್ತಿದವಳು ಹಾಗೇ ನಿಂತುಬಿಟ್ಟಳು. "ಏನ್ರೀ ಇದು, ತೊನ್ನಲ್ಲೇನು?" ಕುತ್ತಿಗೆಯ ಮೇಲೆ ಹುಣಸೆಬೀಜದಷ್ಟು ಬಿಳಿ ಕಲೆಯಿತ್ತು. ಬಡಿಸಿಟ್ಟ ಎಲೆಗಳನ್ನು ಬಿಟ್ಟು ಅವರು ಎದ್ದು ಹೋದರು.

ಎಂ.ಎ. ಅರ್ಜಿ ತುಂಬುವ ದಿನಗಳು ಅವು. ಅಪ್ಪ ಹೈಸ್ಕೂಲು ಮಾಸ್ತರರು. ಊರಿನಲ್ಲಿ ಯಾರ ಮಗಳು ಶಾಲೆ ಬಿಟ್ಟರೂ ಅವರ ಮನೆಗೇ ಹೋಗಿ ಜಗಳಾಡಿ ಕರೆತರುತ್ತಿದ್ದರು. ನನಗೆ ಮಾತ್ರ, "ಅದು ವಾಸಿ ಆಗೋತನಕ ಹೊರಗ ಕಾಲಿಡಬ್ಯಾಡ" ಅಂದರು. ದಿನವೂ ಕಲೆಗೆ ಔಷಧಿಯೆಂದು ಬಾವಂಚಿ ಎಣ್ಣೆ ಹಚ್ಚಿಕೊಂಡು ಮಾಳಿಗೆಯ ಬಿಸಿಲಿಗೆ ಕೂರಬೇಕಿತ್ತು. ನಮ್ಮ ಕಡೆಯ ಬಿಸಿಲಿಗೆ ಚರ್ಮ ಬೊಬ್ಬೆ ಎದ್ದು ಒಡೆಯುತ್ತಿತ್ತು. ಎರಡು ವರ್ಷ ಹೀಗೇ ಕಳೆಯಿತು. ಕಲೆ ಹೋಗಲಿಲ್ಲ, ತುಟಿಗೂ ಬಂತು. ಆಗ ಅಪ್ಪ ಅವ್ವನಿಗೆ ಹೇಳಿದ್ದು ಅಡುಗೆಮನೆಯಿಂದ ಕೇಳಿಸಿತು: "ಓದ್ಲಿ ಬಿಡು. ಮದಿವಿ ಅಂತೂ ಆಗೂದಿಲ್ಲ."

ಬಸ್ ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಅಂಗಡಿಯಲ್ಲಿ ಅಪ್ಪನೂ ನಾನೂ ಅರ್ಜಿ ತುಂಬಲು ಕೂತೆವು. ಕೊನೆಯಲ್ಲೊಂದು ಚೌಕವಿತ್ತು: ಓದಿನ ನಡುವೆ ಬಿಡುವಾಗಿದ್ದರೆ ಕಾರಣ ಬರೆಯಬಹುದು, ಕಡ್ಡಾಯವಲ್ಲ.

"ಆರಾಮಿರಲಿಲ್ಲ ಅಂತ ಬರೀಲೇನಪ್ಪಾ?"

"ಏನ್ ಬ್ಯಾನಿ ಅಂತ ಕೇಳಿದ್ರ? ಖಾಲಿ ಬಿಡು. ಕಡ್ಡಾಯ ಇಲ್ಲಂತ ಅವರ ಬರದಾರಲ್ಲ."

ಅಂಕಪಟ್ಟಿಯ ಝೆರಾಕ್ಸ್ ಮಾಡಿಸಲು ಅವರು ಹೊರಗೆ ಹೋದರು. ನಾನು ಟೈಪ್ ಮಾಡಿದೆ:

"ಈ ಎರಡು ವರ್ಷ ನನಗೆ ಯಾವ ಕಾಯಿಲೆಯೂ ಇರಲಿಲ್ಲ. ಕುತ್ತಿಗೆಯ ಮೇಲೆ ಒಂದು ಬಿಳಿ ಕಲೆ ಇತ್ತು. ಅದಕ್ಕಾಗಿ ನನ್ನ ತಂದೆ ನನ್ನನ್ನು ಮನೆಯೊಳಗೆ ಇಟ್ಟರು. ಅವರು ಮಾಸ್ತರರು. ಊರಿನ ಹೆಣ್ಣುಮಕ್ಕಳಿಗೆಲ್ಲ ಓದಿ ಎಂದು ಹೇಳುತ್ತಾರೆ."

ಅಪ್ಪ ಬರುವಷ್ಟರಲ್ಲಿ ಅರ್ಜಿ ಹೋಗಿತ್ತು. "ಖಾಲಿ ಬಿಟ್ಟಿ ಅಲ್ಲ?" ಅಂದರು. "ಹೂಂನಪ್ಪಾ" ಅಂದೆ.

ಸಂದರ್ಶನಕ್ಕೆ ಅವರೂ ಜೊತೆಗೆ ಬಂದರು. ಒಳಗೆ ಒಬ್ಬ ಹಿರಿಯ ಮೇಡಂ, ಒಬ್ಬ ಯುವ ಪ್ರಾಧ್ಯಾಪಕ. ಮೇಡಂ ನನ್ನ ಅರ್ಜಿಯ ಕೊನೆಯ ಹಾಳೆ ಓದಿ ಕನ್ನಡಕ ತೆಗೆದರು.

"ನಿಮ್ಮ ತಂದಿ ಬಂದಾರೇನು?"

"ಹೊರಗ ಕುಂತಾರ್ರಿ."

"ಕರಿ."

ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ನಾನೇ ಎದ್ದು ಹೋಗಿ ಕರೆತಂದೆ. ಸೀಟು ಸಿಕ್ಕಿತೆಂದುಕೊಂಡು ಅಪ್ಪ ಮುಖ ಅರಳಿಸಿ, ಬಾಗಿಲಲ್ಲೇ ಕೈಮುಗಿದು ಒಳಗೆ ಬಂದರು. ಮೇಡಂ ಆ ಹಾಳೆಯನ್ನು ಅವರತ್ತ ತಿರುಗಿಸಿದರು.

"ಓದ್ರಿ ಮಾಸ್ತರ್. ನಮಗೂ ಕೇಳ್ಲಿ."

ಅಪ್ಪ ನಿಂತುಕೊಂಡೇ ಓದತೊಡಗಿದರು. ಎರಡನೆಯ ವಾಕ್ಯಕ್ಕೆ ದನಿ ತಗ್ಗಿತು. "ಸ್ವಲ್ಪ ಗಟ್ಟ್ಯಾಗಿ" ಅಂದರು ಮೇಡಂ. ಅಪ್ಪ ಗಟ್ಟಿಯಾಗಿ ಓದಿದರು. ಕೊನೆಯ ಸಾಲು ಮುಗಿದಾಗ ಯುವ ಪ್ರಾಧ್ಯಾಪಕ ನಕ್ಕ. "ಉಚ್ಚಾರ ಎಷ್ಟು ಸ್ವಚ್ಛ ಅದ ನೋಡ್ರಿ. ಮಾಸ್ತರು ಅಂದ್ರ ಮಾಸ್ತರು!"

ಸುಳ್ಳು ಹೇಳಲಾರೆ, ಆ ಕ್ಷಣ ನನಗೆ ಸಂತೋಷವಾಯಿತು. ಎರಡು ವರ್ಷದ ಬಿಸಿಲು ಅಪ್ಪನ ಮುಖದ ಮೇಲೆ ಬಿದ್ದಂತೆ ಕಂಡಿತು. ಇನ್ನೂ ಉದ್ದ ಬರೆಯಬೇಕಿತ್ತು ಅನ್ನಿಸಿತು. ಅಪ್ಪ ಹಾಳೆಯನ್ನು ಮೇಜಿನ ಅಂಚಿಗೆ ಸರಿಯಾಗಿ ಹೊಂದಿಸಿಟ್ಟು, ಮತ್ತೊಮ್ಮೆ ಕೈಮುಗಿದು ಹೊರಗೆ ನಡೆದರು. ಬೆನ್ನ ಮೇಲೆ ಅಂಗಿ ಬೆವರಿಗೆ ಅಂಟಿಕೊಂಡಿತ್ತು.

ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿದ್ದರೂ ಅವರು ಮುಂದೆ ಹೋಗಿ ಕೂತರು. ಮನೆಯಲ್ಲಿ ಅವ್ವನಿಗೆ "ಚಲೋ ಆತು" ಎಂದಷ್ಟೇ ಹೇಳಿದರು. ವಾರದ ಮೇಲೆ ಆಯ್ಕೆಪಟ್ಟಿಯಲ್ಲಿ ನನ್ನ ಹೆಸರು ಬಂತು. ಹೇಳಲು ಹೋದೆ. ಅಪ್ಪ ಪತ್ರಿಕೆಯಿಂದ ತಲೆಯೆತ್ತಿ ನೋಡಿದರು.

"ಯಾವಾಗ ಹೊಂಟೀರಿ?"

ನನ್ನ ಹಿಂದೆ ಯಾರಾದರೂ ಬಂದು ನಿಂತಿದ್ದಾರೇನೋ ಎಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ಈಗ ನಾನು ರಾಯಚೂರಿನಲ್ಲಿ ಪಾಠ ಹೇಳುತ್ತೇನೆ. ಹಬ್ಬಕ್ಕೆ ಮಾನ್ವಿಗೆ ಹೋದಾಗ ಅಪ್ಪ ಎದ್ದು ನಿಂತು ಕುರ್ಚಿ ತೋರಿಸುತ್ತಾರೆ. "ಬರ್ರಿ, ಕುಂದರ್ರಿ. ಚಹಾ ತಗೋತೀರೇನು?" ಒಮ್ಮೆ ಅವ್ವ ಅತ್ತು ಬೈದಳು: "ಹೆತ್ತ ಮಗಳಿಗೆ ಹಂಗ್ಯಾಕ ಮಾತಾಡ್ತೀರಿ?" ಅಪ್ಪ ಶಾಂತವಾಗಿ, "ಕಲ್ತವರು ಅದಾರ. ಮರ್ಯಾದಿ ಕೊಡಬೇಕು" ಅಂದರು.

ಅವರು ನನ್ನ ಕ್ಷಮೆ ಕೇಳಿಲ್ಲ. ನಾನೂ ಕೇಳಿಲ್ಲ. ಚಹಾ ಕುಡಿದು, ಕಪ್ಪು-ಬಸಿಯನ್ನು ನಾನೇ ತೊಳೆದಿಟ್ಟು ಬರುತ್ತೇನೆ.