ಥಂಡಿಯಲ್ಲಿಟ್ಟ ತಾಯಂದಿರು

ಮುಶಿಗೇರಿಯ ಗಂಗವ್ವ ತೀರಿಕೊಂಡು ವರ್ಷವಾಯಿತು. ಇನ್ನೂ ಪೂರ್ತಿಯಾಗಿ ಮಣ್ಣು ಸೇರಿಲ್ಲ. ಅದರ ಸಂಕಟ ಹೊತ್ತವಳು ಮಗಳು ರೇಣವ್ವ. ಗಂಗವ್ವನ ಎಂಜಲನ್ನು ಸೀಸೆಯಲ್ಲಿ ಕೊಂಡೊಯ್ದ ಸಂಶೋಧಕರಲ್ಲ.

ಅನ್ಯಾಯ ಕಂಡಲ್ಲೆಲ್ಲ ಮನವಿ ಬರೆಯುವುದು ನನ್ನ ಚಾಳಿ. ಸಾರಿಗೆ ಉಪ್ಪು ಹೆಚ್ಚಾದರೂ ತಹಶೀಲ್ದಾರರಿಗೆ ಬರೆಯುವವನೆಂದು ಗಜೇಂದ್ರಗಡದ ನನ್ನ ಮನೆಯಲ್ಲಿ ನಗುತ್ತಾರೆ. ಈ ಸಲ ನನಗೆ ನಗು ಬರಲಿಲ್ಲ.

ನಮ್ಮ ಪೂರ್ವಿಕರು ಎಲ್ಲಿಂದ ಬಂದರೆಂದು ಎಂಜಲಿನಿಂದಲೇ ಪತ್ತೆ ಹಚ್ಚುವ ತಂಡವೊಂದು ಮುಶಿಗೇರಿಗೆ ಬಂದಿತ್ತು. ಚಹಾದಂಗಡಿಗಳಲ್ಲಿ ತನ್ನ ಓಣಿಯವರಿಗೆ ಬೇರೆ ಲೋಟ ಇಡುತ್ತಿದ್ದ ಕಾಲವನ್ನು ಗಂಗವ್ವ ಕಂಡವಳು. ಓದಿದ ಜನ ಅಂಥವಳ ಎಂಜಲನ್ನು ಎರಡೂ ಕೈಯಿಂದ ಸ್ವೀಕರಿಸಿದಾಗ ಅದನ್ನು ಗೌರವವೆಂದೇ ತಿಳಿದು ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದಳು. ನಿಮ್ಮ ಮೂಲ ತಿಳಿಸುತ್ತೇವೆಂದು ಹೋದವರು ಮರಳಿ ಬರಲಿಲ್ಲ.

ಸತ್ತವರ ಕೋಲು, ಕೌದಿ, ಎಲೆಯಡಿಕೆಯ ಚೀಲ ಯಾವುದನ್ನೂ ಉಳಿಸಿಕೊಳ್ಳದೆ ಅವರೊಂದಿಗೇ ಮಣ್ಣು ಮಾಡುವ ಮನೆ ಗಂಗವ್ವನದು. ಮೊನ್ನೆ ನಾನು ಹೋದಾಗ ರೇಣವ್ವ ಕಟ್ಟೆಯ ಮೇಲೆ ಕೂತಿದ್ದಳು.

“ನಮ್ಮವ್ವಂದು ಇನ್ನಾ ಅಲ್ಲೇ ಐತೇನ್ರಿ?”

“ಇರತೈತ್ರಿ. ಥಂಡ್ಯಾಗ ಇಟ್ರ ಕೆಡಂಗಿಲ್ಲ,” ಎಂದೆ.

ಪಕ್ಕದ ಮನೆಯ ಕಾಶಪ್ಪ ಬಾಯಿ ಹಾಕಿದ: “ಇದ್ದಾಗ ರೋಣ ದಾಟಿದಾಕಿ ಅಲ್ಲ ನಿಮ್ಮವ್ವ. ಈಗ ನೋಡವಾ, ಎಸಿಯೊಳಗ ಕುಂತಾಳ!”

“ನಗಬ್ಯಾಡೋ ಮಾರಾಯಾ. ಬ್ಯಾಸಗ್ಯಾಗೂ ಒಲಿ ಮುಂದ ಮಲಗಾಕಿ ಅಕಿ.”

ನಾನು ವಿಜ್ಞಾನದಿಂದ ಸಮಾಧಾನ ಹೇಳಲು ಹೊರಟೆ. ಸೀಸೆಯಲ್ಲಿರುವುದು ಅವಳೊಬ್ಬಳ ಗುರುತಲ್ಲ. ಅವಳವ್ವ, ಆ ಅವ್ವನ ಅವ್ವ, ಯಾವುದೋ ದೂರದ ನೆಲದಿಂದ ನಡೆದುಬಂದ ಹೆಸರಿಲ್ಲದ ತಾಯಂದಿರು, ಎಲ್ಲರೂ ಅದರಲ್ಲಿದ್ದಾರೆ ಎಂದೆ. ಹೇಳುತ್ತ ಹೇಳುತ್ತ ಮಟಮಟ ಮಧ್ಯಾಹ್ನದಲ್ಲೇ ನನ್ನ ಬೆನ್ನು ತಣ್ಣಗಾಯಿತು. ಕತ್ತಲ ಪೆಟ್ಟಿಗೆಯೊಂದರಲ್ಲಿ ಅಷ್ಟೂ ಹೆಂಗಸರು ಮೈಗೆ ಮೈ ತಾಗಿಸಿ, ಮಾತಿಲ್ಲದೆ, ಬಾಗಿಲ ಕಡೆ ಮುಖಮಾಡಿ ನಿಂತಂತೆ ಕಂಡಿತು.

ರೇಣವ್ವ ತನ್ನ ಅಂಗೈ ನೋಡಿಕೊಂಡಳು. “ಅಕಿ ಹೊಟ್ಯಾಗ ಹುಟ್ಟಿದಾಕಿ ನಾ. ಹಂಗಾದ್ರ ನಾನೂ ಅದರಾಗ ಅದೀನೇನ್ರಿ?”

“ಹೌದ್ರಿ. ನಿಮ್ಮ ಅರ್ಧಾ ಅದರಾಗ ಐತಿ.”

“ಜೀವಂತ ಅದೀನಲ್ರಿ ನಾ! ನನ್ನ ಯಾರೂ ಕೇಳಲೇ ಇಲ್ಲ.”



ಕೊಟ್ಟ ಮಾತಿಗೆ ತಪ್ಪಿದ್ದು ಅನ್ಯಾಯ. ಒಬ್ಬಳ ಹೆಬ್ಬೆಟ್ಟಿನಲ್ಲಿ ಇಡೀ ವಂಶದ ಒಪ್ಪಿಗೆ ದೊರಕಿತೆಂದು ಭಾವಿಸಿದ್ದು ಇನ್ನೂ ದೊಡ್ಡ ಅನ್ಯಾಯ. ಸಾವಿರಾರು ವರ್ಷ ಹಿಂದಿನವರ ದಾರಿ ಕಾಣುವ ಕಣ್ಣಿಗೆ ಕಟ್ಟೆಯ ಮೇಲೆ ಕೂತವಳು ಕಾಣಲಿಲ್ಲ.

ಆದ್ದರಿಂದ, ಸೀಸೆ ಕೊಂಡೊಯ್ದ ಮಹನೀಯರೇ, ಮುಶಿಗೇರಿಗೆ ಬನ್ನಿರಿ. ನೀವು ಕಂಡುಕೊಂಡದ್ದನ್ನು ರೇಣವ್ವನಿಗೆ ಕನ್ನಡದಲ್ಲಿ ಹೇಳಿರಿ. ಸೀಸೆಯನ್ನು ಇಟ್ಟುಕೊಳ್ಳಲೇಬೇಕೆಂದಿದ್ದರೆ ಅವಳ ಅಪ್ಪಣೆ ಕೇಳಿರಿ. ಒಲ್ಲೆನೆಂದರೆ ಅದನ್ನು ಅವ್ವನ ಪಕ್ಕ ಹೂಳಲು ಅವಳ ಕೈಗಿಡಿರಿ. ಇಟ್ಟು ಹಾಗೆಯೇ ಎದ್ದು ಹೋಗಬೇಡಿರಿ. ಸತ್ತವರ ಮಣ್ಣಿಗೆ ಬಂದವರು ತಾವೂ ಒಂದು ಹಿಡಿ ಮಣ್ಣು ಹಾಕಿಯೇ ಹೋಗುವುದು ನಮ್ಮ ಕಡೆಯ ರೀತಿ.