ನಕ್ಕರೆ ಬೀಳುವ ಹುಡುಗಿ

ಆಗೆಲ್ಲ ನಾಗರಪಂಚಮಿ ಬಂತೆಂದರೆ ನಮ್ಮ ಹುಲಗೂರಿನ ಓಣಿ ತುಂಬ ಹುರಿದ ಶೇಂಗಾ, ಎಳ್ಳು, ಬೆಲ್ಲದ ಪಾಕದ ವಾಸನೆ. ಮಹಾಯುದ್ಧದ ಕಾಲ, ಸೀಮೆಎಣ್ಣೆಗೆ ಬರವಿದ್ದರೂ ಉಂಡಿಗೆ ಬರವಿರಲಿಲ್ಲ. ಗಂಡುಹುಡುಗರು ಲಿಂಬೆಹಣ್ಣು ಎಸೆದು ಪಂಥ ಕಟ್ಟುತ್ತಿದ್ದರು, ಹೆಣ್ಣುಮಕ್ಕಳಿಗೆ ಜೋಕಾಲಿ. ನನಗೆ ಮಾತ್ರ ಅದೂ ಇಲ್ಲ.

ಕಾರಣ, ನಾನು ನಕ್ಕರೆ ಬೀಳುತ್ತಿದ್ದೆ. ಸಣ್ಣ ನಗೆಗಲ್ಲ, ಹೊಟ್ಟೆ ಹಿಡಿದುಕೊಂಡು ನಗುವಂಥದಕ್ಕೆ. ಮೊದಲು ದವಡೆ ಜೋಲುತ್ತಿತ್ತು, ಆಮೇಲೆ ಮೊಣಕಾಲು ಕುಸಿದು ತೊಯ್ದ ಅರಿವೆಯ ಹಾಗೆ ನೆಲಕ್ಕೆ. ಸಿಟ್ಟು ನೆತ್ತಿಗೇರಿದರೂ ಅದೇ ಪಾಡು. ಎಚ್ಚರ ಮಾತ್ರ ತಪ್ಪುತ್ತಿರಲಿಲ್ಲ. ಎಲ್ಲ ಕೇಳಿಸುತ್ತಿತ್ತು, ಒಂದು ಬೆರಳೂ ಏಳುತ್ತಿರಲಿಲ್ಲ. ಮೇಲಾಗಿ ಹಗಲು ನಿದ್ದೆ, ರೊಟ್ಟಿ ಮುರಿಯುತ್ತಲೇ ತೂಕಡಿಸುತ್ತಿದ್ದೆ. ಮನೆಯವರು ಮೂರ್ಛೆರೋಗವೆಂದು ತಿಳಿದು ಅಪ್ಪನ ಕಾಲಿನ ಕೆರ ತಂದು ಮೂಗಿಗೆ ಹಿಡಿಯುತ್ತಿದ್ದರು. ಚರ್ಮ, ಬೆವರು, ಸಗಣಿ ಕೂಡಿದ ಆ ನಾತ ಇನ್ನೂ ಮರೆತಿಲ್ಲ. ಸ್ವಲ್ಪ ಹೊತ್ತಿಗೆ ನಾನಾಗಿಯೇ ಎದ್ದರೂ ಕೀರ್ತಿಯೆಲ್ಲ ಕೆರಕ್ಕೆ!

ಆ ವರ್ಷ ಅಜ್ಜಿ, ನಾವು ಆಯಿ ಅನ್ನುತ್ತಿದ್ದೆವು, ಕಟ್ಟಪ್ಪಣೆ ಮಾಡಿದಳು: "ಹಬ್ಬದಾಗ ನಕ್ಕು ಬಿದ್ದಿ ಅಂದ್ರ ಸಾಲಿ ಬಂದ್. ಮನ್ಯಾಗ ಕುಂದರಸ್ತೇನಿ."

ನಗಬಾರದಂತೆ! ಉಣ್ಣಬೇಡ ಎಂದಿದ್ದರೆ ಕೇಳುತ್ತಿದ್ದೆನೇನೋ.

ಪಕ್ಕದ ಮನೆಯ ಗೆಳತಿ ಖೈರೂಗೆ ಹೇಳಿದೆ. ನನಗಿಂತ ತುಸು ದೊಡ್ಡವಳು, ಬಾಯಿ ಜೋರು. ಬಿದ್ದಾಗಲೂ ನನಗೆ ಕೇಳಿಸುತ್ತದೆಂದರೆ ನಂಬಿದವಳು ಅವಳೊಬ್ಬಳೇ. "ಕುಂದ್ರು ಜೋಕಾಲಿ ಮಣಿ ಮ್ಯಾಲ," ಎಂದವಳೇ ತನ್ನ ಓಢಣಿಯಿಂದ ನನ್ನ ನಡುವನ್ನು ಜೋಕಾಲಿಯ ಎರಡೂ ಹಗ್ಗಕ್ಕೆ ಬಿಗಿದಳು. ಹಿಂದೆ ತಾನು ನಿಂತು ಜೀಕತೊಡಗಿದಳು. ಬೇವಿನ ಟೊಂಗೆ ಕಿರುಗುಟ್ಟಿತು. ಮೇಲಕ್ಕೆ ಹೋದಾಗ ಥೇಟ್ ಆಯಿಯ ದನಿ ತೆಗೆದು ಕೂಗಿದಳು: "ಕೆರಾ ತರ್ರೇ, ಕೆರಾ!"

ನಕ್ಕೆ. ಓಣಿಗೆಲ್ಲ ಕೇಳುವ ಹಾಗೆ ನಕ್ಕೆ. ಕುತ್ತಿಗೆ ಜೋತುಬಿತ್ತು, ಕೈಗಳು ಹಗ್ಗ ಬಿಟ್ಟವು. ಓಢಣಿ ಬಿಡಲಿಲ್ಲ.

ಆಯಿ ಕೆರ ಹಿಡಿದೇ ಓಡಿಬಂದಳು. ಖೈರೂ ಜೋಕಾಲಿ ನಿಲ್ಲಿಸಿ ಅಡ್ಡ ನಿಂತಳು.

"ತಡೀರಿ ಆಯಿ, ಅಕಿಗೆ ಎಲ್ಲಾ ಕೇಳಸ್ತೈತಿ. ರತ್ನಾ, ಕೇಳಿಸಿದ್ರ ಕಣ್ಣ ಮುಚ್ಚಿ ತಗಿ!"

ಮುಚ್ಚಿ ತೆಗೆದೆ. ಕೆರ ಕೆಳಗಿಳಿಯಿತು. "ಅಯ್ಯ ಶಿವನ, ಇಷ್ಟ ದಿನಾ ಎಲ್ಲಾ ಕೇಳಿಸ್ಕೊಂಡೀಯೇನ?" ಎಂದಳು ಆಯಿ. ನಾನು ಬಿದ್ದಾಗಲೆಲ್ಲ ನನ್ನ ಅವ್ವನ ತವರನ್ನು ಬೈದದ್ದು ನೆನಪಾಗಿರಬೇಕು.

ನಾಲಿಗೆಗೆ ಬಲ ಬಂದ ಕೂಡಲೇ ಹೇಳಿದೆ: "ನಾ ಬಿದ್ದಿಲ್ಲ ಆಯಿ. ನಕ್ಕೇನಿ ಅಷ್ಟ. ಸಾಲಿಗೆ ಹೊಕ್ಕೇನಿ."

ಹೋದೆ ಕೂಡ.

ಬಹಳ ವರ್ಷಗಳ ಮೇಲೆ ಹುಬ್ಬಳ್ಳಿಯ ಡಾಕ್ಟರೊಬ್ಬರು ಇದು ಮೂರ್ಛೆಯಲ್ಲ, ನಿದ್ದೆಯದೇ ಒಂದು ರೋಗ, ಭಾವನೆ ಉಕ್ಕಿದಾಗ ಸ್ನಾಯುಗಳು ಸೋಲುತ್ತವೆ ಎಂದು ತಿಳಿಸಿದರು. ಗುಳಿಗೆ ಬರೆದು, "ಭಾಳ ನಗಬ್ಯಾಡ್ರಿ" ಎಂದರು. ಅವರೂ ಆಯಿಯ ಬಳಗವೇ ಇರಬೇಕು! ಗುಳಿಗೆ ನುಂಗಿದೆ, ನಗೆ ನುಂಗಲಿಲ್ಲ.

ಓಣಿಯ ಬೇವು ಈಗಿಲ್ಲ. ಖೈರೂ ತೀರಿಕೊಂಡಳು. ನಾನು ಬೀಳುವುದೂ ಅಪರೂಪ. ರೋಗ ಗುಣವಾಯಿತೆಂದು ಮನೆಯವರು ಹಿಗ್ಗುತ್ತಾರೆ. ಎಲ್ಲಿಯ ಗುಣ! ನಡುವಿಗೆ ಓಢಣಿ ಬಿಗಿದು ಅಷ್ಟು ನಗಿಸುವವಳು ಉಳಿದಿಲ್ಲ.